ಮಜ್ಜಿಗೆಹುಲ್ಲು: ಗುಣ ಮತ್ತು ಬಳಕೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯು ಕೈಗೆಟುಕುವುದನ್ನು ಕಡೆಗಣಿಸುವ ಮನೋಧರ್ಮವನ್ನು ಎತ್ತಿ ತೋರಿಸುತ್ತದೆ. ಉಡುಪಿ, ಕಾಪು, ಕಾರ್ಕಳಗಳ ಹಿತ್ತಲುಗಳಲ್ಲಿ ಪೊದೆಗಟ್ಟಿ ಬೆಳೆಯುವ ಮಜ್ಜಿಗೆಹುಲ್ಲನ್ನು ಬಲ್ಲವರು ಹಾಗೆ ಕಡೆಗಣಿಸುವುದಿಲ್ಲ. ಆದರೆ ಯಾವುದೇ ದ್ರವ್ಯದ ಗುಣವನ್ನರಿತಂತೆ ಅದರ ಮಿತಿಯನ್ನೂ ಅರಿಯುವುದು ವಿವೇಕ.

ಈ ಹುಲ್ಲಿಗೆ ಸಂಸ್ಕೃತದಲ್ಲಿ ಭೂಸ್ತೃಣ, ಭೂತೃಣ ಎಂಬ ಹೆಸರುಗಳುಂಟು. ಸಸ್ಯಶಾಸ್ತ್ರದಲ್ಲಿ ಸಿಂಬೊಪೋಗಾನ್ ಸಿಟ್ರೇಟಸ್ ಎಂದು ಹೆಸರು. ಲಾವಂಚಕ್ಕೆ ಬೇರಿನಲ್ಲಿ ಪರಿಮಳವಾದರೆ ಇದಕ್ಕೆ ಎಲೆಯಲ್ಲಿ ಪರಿಮಳ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಭೂಸ್ತೃಣವು ಹರಿತವರ್ಗಕ್ಕೆ, ಅಂದರೆ ಹಸಿಶುಂಠಿ, ಮೂಲಂಗಿ, ಬೆಳ್ಳುಳ್ಳಿ ಮೊದಲಾದವುಗಳ ಸಾಲಿಗೆ ಸೇರಿದೆ. ಅದು ಕಟು, ರೂಕ್ಷ, ಉಷ್ಣ ಹಾಗೂ ಬಾಯಿಯನ್ನು ಶುದ್ಧಿಗೊಳಿಸತಕ್ಕದ್ದು ಎಂದು ಅಲ್ಲಿ ಹೇಳಿದೆ. ಆಚಾರ್ಯರು ಇದನ್ನು ಆಹಾರದ್ರವ್ಯಗಳ ನಡುವೆ ಇರಿಸಿರುವುದು ಗಮನಾರ್ಹ.

ಎಲೆಯ ನಿಂಬೆಗಂಪಿಗೆ ಸಿಟ್ರಾಲ್ ಎಂಬ ದ್ರವ್ಯವೇ ಕಾರಣ. ಇದರ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇಕಡ 70ರಿಂದ 80ರಷ್ಟು ಸಿಟ್ರಾಲ್ ಇರುತ್ತದೆ. ಅದು ಹಬೆಯೊಡನೆ ಹಾರಿಹೋಗುವ ಸ್ವಭಾವದ್ದು. ಆದಕಾರಣ ಕಷಾಯ ಮಾಡುವಾಗ ನೀರು, ಜಜ್ಜಿದ ಶುಂಠಿ, ಬೆಲ್ಲಗಳನ್ನು ಮೊದಲು ಕುದಿಸಿ, ಒಲೆಯಿಂದ ಇಳಿಸುವ ಹೊತ್ತಿಗೆ ಎರಡು ಮೂರು ಎಲೆಗಳನ್ನು ತುಂಡರಿಸಿ ಹಾಕಿ, ಐದು ನಿಮಿಷ ಮುಚ್ಚಿಡತಕ್ಕದ್ದು. ಬುಡದ ಬಿಳಿಯ ಭಾಗವನ್ನು ಜಜ್ಜಿ ಮಜ್ಜಿಗೆಯಲ್ಲಿ ನೆನೆಯಿಸಿ ಸೋಸಿದರೆ ಬೇಸಗೆಗೆ ಹಿತವಾದ ಪಾನೀಯವಾಗುತ್ತದೆ. ಎಲೆ ನಾರುನಾರಾಗಿರುವುದರಿಂದ ಸೋಸುವುದು ಅವಶ್ಯ. ಥಾಯ್ಲೆಂಡಿನ ಜನ ತಮ್ಮ ಹುಳಿಸಾರಿಗೂ ಇದನ್ನೇ ಬಳಸುತ್ತಾರೆ.

ಬಿಸಿ ಕಷಾಯವು ನೆಗಡಿಯಲ್ಲಿ ಗಂಟಲಿಗೆ ಹಿತ, ಊಟದ ಬಳಿಕ ಹೊಟ್ಟೆಗೆ ಹಗುರ. ಇದರ ಎಣ್ಣೆಯು ಪ್ರಯೋಗಶಾಲೆಯಲ್ಲಿ ಕೆಲವು ಬ್ಯಾಕ್ಟೀರಿಯ ಹಾಗೂ ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆದಿದೆ. ಆದರೆ ಸಾಂದ್ರವಾದ ಎಣ್ಣೆಯ ಶಕ್ತಿಯನ್ನು ಒಂದು ಲೋಟ ಕಷಾಯಕ್ಕೆ ಆರೋಪಿಸುವುದು ಸಲ್ಲದು. ಎಣ್ಣೆಯನ್ನು ಕುಡಿಯಲಾಗದು, ಗರ್ಭಿಣಿಯರು ವೈದ್ಯರನ್ನು ಕೇಳದೆ ಕಷಾಯವನ್ನೂ ಹೆಚ್ಚಾಗಿ ಸೇವಿಸಬಾರದು.

ಕರಾವಳಿಯವರು ಮರೆಯಬಾರದ ಮಾತು ಇನ್ನೊಂದಿದೆ. ಮಳೆಗಾಲದಲ್ಲಿ, ನಾಟಿಯ ಗದ್ದೆಗಳಲ್ಲಿ ದುಡಿಯುವವರಿಗೆ ಇಲಿಜ್ವರ ತಗಲುವುದುಂಟು. ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣುಗಳು ಕಾಲಿನ ಗಾಯಗಳ ಮೂಲಕ ದೇಹವನ್ನು ಸೇರುತ್ತವೆ. ಆರಂಭದಲ್ಲಿ ಅದು ಸಾಮಾನ್ಯ ಜ್ವರದಂತೆಯೇ ತೋರುತ್ತದೆ. ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಅದರ ಸೂಚನೆಗಳು. ಬೇಗನೆ ಚಿಕಿತ್ಸೆ ದೊರೆತರೆ ಗುಣವಾಗುವ ಈ ರೋಗ, ತಡವಾದರೆ ಮೂತ್ರಪಿಂಡ ಹಾಗೂ ಯಕೃತ್ತುಗಳನ್ನು ಕೆಡಿಸಿ ಪ್ರಾಣಕ್ಕೇ ಎರವಾಗಬಹುದು. 1953ರಲ್ಲಿ ಸ್ಥಾಪಿತವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು ಈ ರೋಗವನ್ನು ಕುರಿತು ಅಧ್ಯಯನಗಳನ್ನು ಪ್ರಕಟಿಸಿದ್ದಾರೆ. ಇಂತಹ ಜ್ವರದಲ್ಲಿ ‘ಕಷಾಯ ಕುಡಿದು ನೋಡೋಣ’ ಎಂದು ಎರಡು ದಿನ ಕಳೆದರೆ, ಆ ಎರಡು ದಿನ ಮರಳಿ ಬಾರವು. ಅಡುಗೆಮನೆಯಲ್ಲಿ ಕಷಾಯ ಸಿದ್ಧವಾಗುತ್ತಿರಲಿ. ರೋಗಿಯನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯುವ ಸಿದ್ಧತೆಯೂ ನಡೆಯಲಿ.

ಮಜ್ಜಿಗೆಹುಲ್ಲಿನ ಒಂದು ಸಿಬಿರನ್ನು ನೆಟ್ಟರೆ ಅದು ಕೆಲವೇ ತಿಂಗಳಲ್ಲಿ ಪೊದೆಯಾಗುತ್ತದೆ. ನೀರು ನಿಲ್ಲದ ಸ್ಥಳವಿದ್ದರೆ ಸಾಕು. ಎಲೆಯ ಅಂಚು ಹರಿತವಾದುದರಿಂದ ಕೊಯ್ಯುವಾಗ ಎಚ್ಚರ ಬೇಕು. ಹಿತ್ತಲ ಗಿಡ ಮದ್ದೂ ಹೌದು. ಆದರೆ ಅದೊಂದೇ ಮದ್ದಲ್ಲ.