ಸಬ್‌ವೂಫರಿನ ಓಮು, ಆಂಪ್ಲಿಫೈಯರಿನ ತಾಳಿಕೆ

ಕಾರಿನಲ್ಲಿ ಮಂದ್ರಸ್ವರಗಳನ್ನು ನುಡಿಸುವ ಸಬ್‌ವೂಫರಿಗೆ 4 ಓಮ್, 2 ಓಮ್ ಎಂದು ಗುರುತು ಹಾಕಿರುತ್ತಾರೆ. ಪರ್ಯಾಯ ವಿದ್ಯುತ್ತಿಗೆ ಅದರ ಸುರುಳಿಯು ಒಡ್ಡುವ ಈ ತಡೆಗೆ ಇಂಪೀಡೆನ್ಸ್ ಎಂದು ಹೆಸರು. ಸ್ವರದ ಆವೃತ್ತಿಯೊಡನೆ ಇದು ಏರಿಳಿಯುವುದಾದರೂ ಲೆಕ್ಕಕ್ಕೆ ಆ ಗುರುತೇ ಸಾಕು.

ತಲಾ 4 ಓಮಿನ ಎರಡು ಸುರುಳಿಗಳುಳ್ಳ ಸಬ್‌ವೂಫರೊಂದು ನಮ್ಮ ಬಳಿ ಇದೆಯೆನ್ನೋಣ. ಸುರುಳಿಗಳನ್ನು ಸರಣಿಯಲ್ಲಿ ಜೋಡಿಸಿದರೆ 8 ಓಮ್, ಸಮಾಂತರದಲ್ಲಿ ಜೋಡಿಸಿದರೆ 2 ಓಮ್. ಆಂಪ್ಲಿಫೈಯರು 20 ವೋಲ್ಟ್ ನೀಡುವುದಾದರೆ ಮೊದಲನೆಯದರಲ್ಲಿ 2.5 ಆಂಪೇರ್ ಹರಿದು 50 ವಾಟ್ ಸಾಮರ್ಥ್ಯ ದೊರೆಯುವುದು. ಎರಡನೆಯದರಲ್ಲಿ 10 ಆಂಪೇರ್, 200 ವಾಟ್! ನಾಲ್ಮಡಿ ಲಾಭವೆಂದು ಹಿಗ್ಗುವ ಮುನ್ನ ಆಂಪ್ಲಿಫೈಯರಿನ ಮೇಲಿನ ಬರಹವನ್ನು ಓದಬೇಕು. ‘ಕನಿಷ್ಠ 4 ಓಮ್’ ಎಂದಿದ್ದರೆ, 5 ಆಂಪೇರಿಗೆ ಮಿಕ್ಕ ಪ್ರವಾಹವನ್ನು ಹೊರುವ ಹೊಣೆ ಅದಕ್ಕಿಲ್ಲ. ರಕ್ಷಣಾ ಮಂಡಲವಿದ್ದರೆ ಸದ್ದು ನಿಂತೀತು. ಇಲ್ಲವಾದರೆ ಟ್ರಾನ್ಸಿಸ್ಟರುಗಳೇ ಸುಟ್ಟಾವು.

ಆಂತರಿಕ ರೋಧಕ್ಕೆ ಹೊರಗಿನ ರೋಧ ಸಮವಾದಾಗ ಗರಿಷ್ಠ ಸಾಮರ್ಥ್ಯವೆಂದು ಕಾಲೇಜಿನಲ್ಲಿ ಕಲಿತವರು ಆ ನಿಯಮವನ್ನು ಇಲ್ಲಿಗೆ ತರಕೂಡದು. ಆಂಪ್ಲಿಫೈಯರಿನ ಆಂತರಿಕ ರೋಧ ಓಮಿನ ಅಲ್ಪಾಂಶ ಮಾತ್ರ. ಅದಕ್ಕೆ ಸಮನಾದ ಹೊರೆಯೆಂದರೆ ತಂತಿಗಳೆರಡನ್ನೂ ನೇರವಾಗಿ ಕೂಡಿಸಿದಂತೆಯೇ. ಇಂಥ ಆಂಪ್ಲಿಫೈಯರಿಗೆ 8 ಓಮಿನ ಜೋಡಣೆ ಕ್ಷೇಮ, ಆದರೆ ಸದ್ದು ತಗ್ಗು. ನಾವಾದರೆ ತಲಾ 2 ಓಮಿನ ಸುರುಳಿಗಳನ್ನು ಆರಿಸಿ ಸರಣಿಯಲ್ಲಿ ಜೋಡಿಸುವೆವು: 4 ಓಮ್, 100 ವಾಟ್.