ಮಡಚುವ ಚಾವಣಿಯ ಹಳೆ ಕಾರು: ಸೋರಿಕೆಗೆ ದುಡ್ಡು ಹಾಕುವ ಮುನ್ನ

ಚಾವಣಿ ಮಡಚುವ ಕಾರಿನ ಕಿಟಕಿಗೆ ಸಾಮಾನ್ಯವಾಗಿ ಚೌಕಟ್ಟಿರುವುದಿಲ್ಲ. ಬಾಗಿಲ ಗಾಜು ಮೇಲೇರಿ ರಬ್ಬರ್ ಬೀಡಿಂಗಿಗೆ ಬಿಗಿಯಾಗಿ ಒತ್ತಿಕೊಂಡರಷ್ಟೇ ಮಳೆನೀರು ಹೊರಗುಳಿಯುತ್ತದೆ. 1989ರಿಂದ 1997ರವರೆಗೆ ತಯಾರಾದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಇದೇ ಬಗೆಯದು. ಬ್ರಿಟನ್, ಅಮೆರಿಕ, ಜಪಾನ್‌ಗಳಲ್ಲಿ ಇವು ಈಗಲೂ ರಸ್ತೆಯಲ್ಲಿವೆ, ಬೀಡಿಂಗೂ ಸಿಗುತ್ತದೆ. ಹಾಗಾಗಿ ಮಾಲೀಕರ ಮುಂದಿರುವುದು ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು ಎಂಬ ಪ್ರಶ್ನೆ.

ಬೀಡಿಂಗಿಗೆ ಸಾಮಾನ್ಯವಾಗಿ ಬಳಸುವುದು ಇಪಿಡಿಎಂ ಎಂಬ ಕೃತಕ ರಬ್ಬರು. ಬಿಸಿಲು, ಓಜೋನ್‌ಗಳನ್ನು ಅದು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಆದರೆ ವರ್ಷಗಟ್ಟಲೆ ಅದುಮಿಕೊಂಡೇ ಇದ್ದರೆ ಚಪ್ಪಟೆಯಾಗಿ, ಮತ್ತೆ ಉಬ್ಬುವ ಗುಣ ಕಳೆದುಕೊಳ್ಳುತ್ತದೆ. ಮುಂಗಾಜಿನ ಮೇಲ್ಮೂಲೆಯಲ್ಲಿ ಎದುರಿನ ಪಟ್ಟಿ, ಕಂಬದ ಪಟ್ಟಿ, ಚಾವಣಿಯ ಬದಿಪಟ್ಟಿ ಮೂರೂ ಕೂಡುತ್ತವೆ. ಮೊದಲು ಕೈಕೊಡುವುದು ಆ ಸಂದೇ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಕಂಬದ ಒಳಮೈಗುಂಟ ಇಳಿದು ಚಾಲಕನ ತೊಡೆಯ ಮೇಲೆ ತೊಟ್ಟಿಕ್ಕುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಬೀಡಿಂಗಿಗೂ ಗಾಜಿಗೂ ನಡುವೆ ಕಾಗದದ ಪಟ್ಟಿಯಿಟ್ಟು ಬಾಗಿಲು ಮುಚ್ಚಿ ಎಳೆಯಬೇಕು. ಬಿಗಿ ಹಿಡಿದರೆ ಸರಿ, ಸಲೀಸಾಗಿ ಬಂದರೆ ಅಲ್ಲಿ ಸಂದಿದೆ. ಆಮೇಲೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಪೈಪಿನಿಂದ ಸಣ್ಣಗೆ ನೀರು ಬಿಡುತ್ತ ಕೆಳಗಿನಿಂದ ಮೇಲಕ್ಕೆ ಬರಬೇಕು. ಮೇಲಿಂದ ಸುರಿದರೆ ನೀರು ಎಲ್ಲಿಂದ ನುಗ್ಗಿತೆಂದು ತಿಳಿಯುವುದೇ ಇಲ್ಲ.

ಸೀಟಿನ ಹಿಂಭಾಗ ಒದ್ದೆಯಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬೀಡಿಂಗನ್ನಲ್ಲ. ಚಾವಣಿಯ ಬಟ್ಟೆ ಮೇಲೆ ಬಿದ್ದ ನೀರು ಹಿಂದಿನ ಎರಡು ಮೂಲೆಗಳ ಕೊಳವೆಗಳಲ್ಲಿಳಿದು ಕಾರಿನಡಿಗೆ ಹೋಗುತ್ತದೆ. ಅವುಗಳಲ್ಲಿ ಎಲೆ, ಮಣ್ಣು ಸೇರಿದರೆ ನೀರು ಒಳಕ್ಕೆ ಉಕ್ಕುತ್ತದೆ. ಈ ಅಂಕಣಕಾರರ ಕಾರಿನ ಕಾರ್ಪೆಟ್ ತೊಯ್ದಾಗ ಗ್ಯಾರೇಜೊಂದು ಇಡೀ ಬೀಡಿಂಗ್ ಸೆಟ್ಟನ್ನೇ ಬದಲಿಸಲು ಅಂದಾಜುಪಟ್ಟಿ ಕೊಟ್ಟಿತ್ತು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಕೊಳವೆಗೆ ತೂರಿಸಿದಾಗ ಹೊರಬಿದ್ದದ್ದು ಒಂದು ಹಿಡಿ ಕೊಳೆತ ಎಲೆ. ಸೋರಿಕೆ ಅಲ್ಲಿಗೆ ನಿಂತಿತು. ಗಟ್ಟಿ ತಂತಿ ಹಾಕಿದರೆ ಕೊಳವೆ ತೂತಾಗುವ ಭಯವಿದೆ. ಈ ಕೊಳವೆಯನ್ನು ಅಲಕ್ಷಿಸಿದರೆ ಬಾಗಿಲ ಕೆಳಗಿನ ಸಿಲ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಬ್ರಿಟನ್ನಿನ ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ಹಾಗೆ ತಿಂದುಹೋದ ಸಿಲ್ ಇದ್ದರೆ ಕಾರು ಫೇಲಾಗುತ್ತದೆ. ವೆಲ್ಡಿಂಗ್ ಬಿಲ್ಲಿನ ಮುಂದೆ ರಬ್ಬರಿನ ಬೆಲೆ ಏನೇನೂ ಅಲ್ಲ.

ಎರಡನೆಯ ಹಂತ ಹೊಂದಾಣಿಕೆ. ಗಾಜು ವಾಲಿದ್ದರೆ, ಬಾಗಿಲು ಜೋತಿದ್ದರೆ ಹೊಸ ಬೀಡಿಂಗೂ ಸೋರುತ್ತದೆ. ಬದಿಪಟ್ಟಿ ಕೂರುವ ಲೋಹದ ಹಿಡಿಕೆಯ ಸ್ಕ್ರೂ ಸಡಿಲಿಸಿ ಅದನ್ನು ಗಾಜಿನ ಕಡೆಗೆ ತುಸು ಸರಿಸಬಹುದು. ಕೂಲಿ ಕೊಟ್ಟು ಮಾಡಿಸಿದರೂ ಹೊಸ ಸೆಟ್ಟಿಗಿಂತ ಅಗ್ಗ.

ರಬ್ಬರು ಮೆತ್ತಗಿದ್ದು ಅಲ್ಲಲ್ಲಿ ಮಾತ್ರ ಹರಿದಿದ್ದರೆ ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಬೀಡಿಂಗಿಗೆಂದೇ ಸಿಗುವ ಕಪ್ಪು ಅಂಟಿನಿಂದ ಕೂಡಿಸಿ, ರಾತ್ರಿಯಿಡೀ ಟೇಪು ಸುತ್ತಿಟ್ಟರೆ ಸಾಕು. ಆಗಾಗ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಬೇಕು. ವ್ಯಾಸಲೀನ್, ಎಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ. ಪೆಟ್ರೋಲಿಯಂ ಎಣ್ಣೆ ಇಪಿಡಿಎಂ ಅನ್ನು ಉಬ್ಬಿಸಿ ಹಾಳುಮಾಡುತ್ತದೆ.

ಬೆರಳಿಂದ ಒತ್ತಿದರೆ ಮೇಲೇಳದ, ಬಾಗಿಸಿದರೆ ಬಿರಿಯುವ ರಬ್ಬರನ್ನು ಬದಲಿಸಲೇಬೇಕು. ಗುಜರಿ ಕಾರಿನದನ್ನು ತಂದರೆ ದುಡ್ಡು ದಂಡ, ಅದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಬೇರೆ ಕಂಪನಿಯ ಅಗ್ಗದ ಪಟ್ಟಿ ಕೆಲವೊಮ್ಮೆ ದಪ್ಪಗಿದ್ದು ಬಾಗಿಲು ಹಾಕಲು ಜೋರು ಬೇಕಾಗುತ್ತದೆ. ಕೂಲಿಯ ಬಹುಪಾಲು ಹೋಗುವುದು ಹೊಸದನ್ನು ಕೂರಿಸುವುದಕ್ಕಲ್ಲ, ಹಳೆಯ ಅಂಟು ಕೆರೆಯುವುದಕ್ಕೆ. ಪುರಸೊತ್ತಿದ್ದವರು ಅದನ್ನು ಮನೆಯಲ್ಲೇ ಮಾಡಿಕೊಂಡರೆ ಅಷ್ಟು ಉಳಿತಾಯ. ಚಾವಣಿಯ ಬಟ್ಟೆಯೂ ಸವೆದಿದ್ದರೆ ಎರಡೂ ಕೆಲಸ ಒಟ್ಟಿಗೇ ಮಾಡಿಸುವುದು ಲಾಭ: ಬಿಚ್ಚುವ ಕೂಲಿ ಎರಡು ಸಲ ಬೀಳುವುದಿಲ್ಲ. ಸವೆತಕ್ಕೆ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಇಂಥ ಕಾರು ಕೊಳ್ಳುವವರು ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಮುಟ್ಟಿ ನೋಡಲಿ. ಬೀಡಿಂಗ್ ಸವೆದಿದ್ದರೆ ಚೌಕಾಸಿ ಮಾಡಿ ಕೊಳ್ಳಬಹುದು. ಸಿಲ್ ತುಕ್ಕು ಹಿಡಿದಿದ್ದರೆ ಆ ಕಾರನ್ನು ಬಿಡುವುದೇ ಲೇಸು.