ಅಣ್ಣನ ಮಗಳಿಗೆ ಅತ್ತೆಯ ಕಿವಿಮಾತು

ಪುಟ್ಟಿ, ನನಗೆ ಸ್ತನ ಕ್ಯಾನ್ಸರ್ ಬಂದದ್ದು ಮೂವತ್ತೆಂಟಕ್ಕೆ. ಬಿಆರ್‌ಸಿಎ-2 ಜೀನಿನಲ್ಲಿ ಹುಟ್ಟಿನಿಂದಲೇ ದೋಷವಿದೆ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ನಿನಗೀಗ ಇಪ್ಪತ್ತಾರು. ಅಣ್ಣ ಬಾಯಿ ಬಿಡುವುದಿಲ್ಲ, ಅತ್ತಿಗೆ ಮಾತು ಮರೆಸುತ್ತಾರೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

• ಇದು ತಾಯಿ ಕಡೆಯಿಂದ ಮಾತ್ರ ಬರುತ್ತದೆ ಎನ್ನುವವರ ಮಾತು ಕೇಳಬೇಡ. ಅಪ್ಪನಿಂದಲೂ ಬರುತ್ತದೆ. ದೋಷ ಇರುವವರಿಂದ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಮಗು ಗಂಡೋ ಹೆಣ್ಣೋ ಎಂದು ಅದು ನೋಡುವುದಿಲ್ಲ.

• ಮೊದಲು ಪರೀಕ್ಷೆ ಆಗಬೇಕಾದದ್ದು ನಿನ್ನಪ್ಪನಿಗೆ. ನನ್ನಲ್ಲಿರುವುದು ಅವನಲ್ಲಿ ಇಲ್ಲವಾದರೆ ನಿನಗೆ ಅವನಿಂದ ಬರುವ ಪ್ರಶ್ನೆಯೇ ಇಲ್ಲ, ನಿಶ್ಚಿಂತೆಯಾಗಿರು. ಇದ್ದರೆ ಆಮೇಲೆ ನಿನ್ನದು. ಹೋಗುವಾಗ ನನ್ನ ರಿಪೋರ್ಟಿನ ಜೆರಾಕ್ಸ್ ಇಟ್ಟುಕೊಂಡು ಹೋಗಿ. ದೋಷ ಜೀನಿನ ಯಾವ ಜಾಗದಲ್ಲಿದೆ ಎಂದು ಅದರಲ್ಲಿ ಬರೆದಿದೆ, ಲ್ಯಾಬಿನವರು ಅದೊಂದನ್ನೇ ನೋಡಿದರೆ ಸಾಕು. ಖರ್ಚೂ ಕಡಿಮೆ, ಗೊಂದಲವೂ ಕಡಿಮೆ. ಅಣ್ಣನಿಗೂ ಇದರಿಂದ ಉಪಕಾರವೇ: ಈ ದೋಷವಿರುವ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಹೆಚ್ಚು, ಅಪರೂಪಕ್ಕೆ ಸ್ತನದ್ದೂ ಬರುತ್ತದೆ.

• ಅಜ್ಜಿಯ ಹತ್ತಿರ ಕೂತು ಮನೆತನದಲ್ಲಿ ಯಾರು ಯಾವ ವಯಸ್ಸಿಗೆ ಹೇಗೆ ತೀರಿಕೊಂಡರು ಎಂದು ಕೇಳಿ ಬರೆದುಕೋ. ಹಿರಿಯರು ಕ್ಯಾನ್ಸರ್ ಎನ್ನುವುದಿಲ್ಲ. "ಎದೆಯಲ್ಲಿ ಹುಣ್ಣಾಯಿತು" ಅನ್ನುತ್ತಾರೆ, "ಹೊಟ್ಟೆಯಲ್ಲಿ ನೀರು ತುಂಬಿ ಹೋದಳು" ಅನ್ನುತ್ತಾರೆ. ಆ ನೀರು ಅಂಡಾಶಯದ ಕ್ಯಾನ್ಸರಿನದೂ ಇರಬಹುದು, ಈಲಿ ಕೆಟ್ಟದ್ದೂ ಇರಬಹುದು. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೋ. ಅರ್ಥ ಬಿಡಿಸುವ ಕೆಲಸ ಜೆನೆಟಿಕ್ ಕೌನ್ಸಿಲರ್‌ಗೆ ಬಿಡು.

• ದೋಷ ಇದೆ ಅಂತ ಬಂದರೆ ಎದೆಗುಂದಬೇಡ. ಈ ಜೀನು ಕೆಟ್ಟಿರುವ ನೂರು ಹೆಂಗಸರಲ್ಲಿ 80 ವಯಸ್ಸಾಗುವಷ್ಟರಲ್ಲಿ ಸುಮಾರು 69 ಮಂದಿಗೆ ಸ್ತನ ಕ್ಯಾನ್ಸರ್, 17 ಮಂದಿಗೆ ಅಂಡಾಶಯದ್ದು ಬರುತ್ತದೆ ಎಂದು ಲೆಕ್ಕ. ದೊಡ್ಡ ಸಂಖ್ಯೆಯೇ, ಸುಳ್ಳು ಹೇಳುವುದಿಲ್ಲ. ಆದರೆ ಮೊದಲೇ ಗೊತ್ತಿದ್ದವರಿಗೆ ದಾರಿಗಳಿವೆ. 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಜೊತೆಗೆ ಮ್ಯಾಮೊಗ್ರಾಂ. ಅಂಡಾಶಯದ ಕ್ಯಾನ್ಸರನ್ನು ಬೇಗ ಹಿಡಿಯುವ ನಂಬಿಗಸ್ತ ಪರೀಕ್ಷೆ ಇನ್ನೂ ಇಲ್ಲ; ಆದ್ದರಿಂದ ಮಕ್ಕಳಾದ ಮೇಲೆ, 40–45ರ ಒಳಗೆ, ಅಂಡಾಶಯ ಮತ್ತು ನಾಳ ತೆಗೆಸಿಕೊಳ್ಳಲು ಡಾಕ್ಟರು ಹೇಳಬಹುದು.

• ಸ್ತನವನ್ನೇ ತೆಗೆಸುವ ಮಾತು ಯಾರಾದರೂ ಎತ್ತೇ ಎತ್ತುತ್ತಾರೆ. 2013ರಲ್ಲಿ ನಟಿ ಏಂಜಲೀನಾ ಜೋಲಿ ಹಾಗೆ ಮಾಡಿಸಿಕೊಂಡು ಬಹಿರಂಗವಾಗಿ ಬರೆದದ್ದರಿಂದ ಎಲ್ಲರ ಬಾಯಲ್ಲೂ ಅದೇ. ಅವಳದು ಬಿಆರ್‌ಸಿಎ-1. ಆಪರೇಷನ್ನಿನಿಂದ ಅಪಾಯ ಬಹುಪಾಲು ಇಳಿಯುವುದು ನಿಜ, ಆದರೆ ಅವಸರವಿಲ್ಲ. ಕ್ರಮವಾಗಿ ತಪಾಸಣೆ ಮಾಡಿಸಿಕೊಂಡೇ ಇರುವವರೂ ಇದ್ದಾರೆ. ಅದು ನಿನ್ನ ತೀರ್ಮಾನ, ನೆಂಟರದಲ್ಲ.

• ರಿಪೋರ್ಟಿನಲ್ಲಿ "ವಿಯುಎಸ್" ಅಂತ ಬರೆದಿದ್ದರೆ ಬದಲಾವಣೆ ಕಂಡಿದೆ, ಅದರಿಂದ ಕೇಡಿದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ ಎಂದರ್ಥ. ಅದೊಂದನ್ನೇ ನಂಬಿ ಯಾವ ಆಪರೇಷನ್ನೂ ಬೇಡ.

• ಗಂಟು ಕೈಗೆ ಸಿಕ್ಕಿತೋ, ಮೊಲೆತೊಟ್ಟು ಒಳಕ್ಕೆ ಎಳೆದುಕೊಂಡಿತೋ, ರಕ್ತ ಒಸರಿತೋ, ಡಾಕ್ಟರಿಗೆ ತೋರಿಸು. "ಇಷ್ಟು ಚಿಕ್ಕ ವಯಸ್ಸಿಗೆ ಏನೂ ಇರಲ್ಲ" ಎಂದರೆ ನನ್ನ ಹೆಸರು ಹೇಳಿ ಸ್ಕ್ಯಾನಿಂಗ್ ಬರೆಸಿಕೊಂಡೇ ಏಳು. ಮುಂದೆ ಬಾಣಂತನದಲ್ಲೂ ಅಷ್ಟೇ: ಹಾಲು ಕಟ್ಟಿದೆ ಎಂದು ಅರಿಶಿನ ಹಚ್ಚಿ ಬಿಸಿಬಟ್ಟೆ ಇಡುತ್ತಾರೆ, ಇಡಲಿ. ಒಂದೆರಡು ವಾರದಲ್ಲಿ ಕರಗದಿದ್ದರೆ ಹಾಲೆಂದು ಕಾಯಬೇಡ.

• ಕೊನೆಯದು, ಹೇಳಲು ಸ್ವಲ್ಪ ಮುಜುಗರ. ನಿನ್ನನ್ನು ನನ್ನ ಮಗನಿಗೇ ತಂದುಕೊಳ್ಳಬೇಕೆಂದು ಅಜ್ಜಿಗೆ ಆಸೆ. ಈ ದೋಷ ನನ್ನಿಂದ ಅವನಿಗೂ, ಅಣ್ಣನಿಂದ ನಿನಗೂ ಬಂದಿದ್ದರೆ, ಮಗುವಿಗೆ ಎರಡೂ ಕಡೆಯಿಂದ ಸೇರಿ ಫ್ಯಾಂಕೋನಿ ಅನೀಮಿಯಾ ಬರಬಹುದು. ಮಜ್ಜೆಯಲ್ಲಿ ರಕ್ತವೇ ಸರಿಯಾಗಿ ಹುಟ್ಟದ, ಎಳವೆಯಲ್ಲೇ ಕ್ಯಾನ್ಸರಿಗೆ ಈಡು ಮಾಡುವ ಕಾಯಿಲೆ ಅದು. ಹೊರಗಿನ ಸಂಬಂಧವಾದರೆ ಹುಡುಗನಿಗೆ ಮದುವೆಗೆ ಮುಂಚೆಯೇ ನೀನೇ ತಿಳಿಸು. ಕೇಳಿ ಹಿಂದೆ ಸರಿಯುವವನು ಸರಿಯಲಿ. ಅಜ್ಜಿಗೆ ನಾನು ಹೇಳಿಕೊಳ್ಳುತ್ತೇನೆ. ನೀನು ಈ ತಿಂಗಳೇ ಅಣ್ಣನನ್ನು ಹೊರಡಿಸು.